ಕ್ವಾಮೆ ಕೋವಿಗೆ ಹೊಸ ನಳಿಗೆ

ಆರ್ಲಿನ್ ಕ್ವಾಮೆ ಹೊಡೆದ ಗುಂಡು ಒಂಬೈನೂರು ಗಜ ಆಚೆಗಿದ್ದ ಕುರಿಗಳ್ಳ ಕಯೋಟಿ ತೋಳಕ್ಕೆ ತಗಲುವಷ್ಟರಲ್ಲಿ ಅವನು ಕೋವಿಯನ್ನು ಟ್ರಕ್ಕಿನ ಮೂತಿಗೆ ಒರಗಿಸಿ, ಥರ್ಮಾಸಿನ ಮುಚ್ಚಳ ತಿರುಗಿಸಿ, ಕಾಫಿ ಬಗ್ಗಿಸಿಕೊಂಡು, ಎರಡು ಗುಟುಕು ಕುಡಿದು, ಬಿಸಿ ಸಾಲದೆಂದು ಉಳಿದದ್ದನ್ನು ಹಿಮದ ಮೇಲೆ ಚೆಲ್ಲಿಯಾಗಿತ್ತು. ಗುಂಡು ಕಯೋಟಿಯ ಎಡಗಿವಿಯಲ್ಲಿ ಹೊಕ್ಕು ಬಲಗಿವಿಯಲ್ಲಿ ಹೊರಬಿತ್ತು. ಅಲ್ಲಿಗೇ ನಿಂತಿತೆ? ಎಲ್ಲಿಯ ಮಾತು! ಅಲ್ಲಿಂದ ಓಪ್ಡಾಲರ ಹುಲ್ಲುಗಾವಲಿಗೆ ಹಾರಿ, ಅವರ ಗಾಳಿಯಂತ್ರದಲ್ಲಿ ಆರು ವರ್ಷದಿಂದ ಸಡಿಲಾಗಿ ಕಿರುಗುಟ್ಟುತ್ತಿದ್ದ ತಿರುಪೊಂದನ್ನು ಬಡಿದು ಬಿಗಿಮಾಡಿ, ಉತ್ತರ ಡಕೋಟಾದ ಗಡಿ ದಾಟಿ ಹೋಯಿತು. ಅಲ್ಲಿ ಅದು ಮತ್ತೇನೇನು ರಿಪೇರಿ ಮಾಡಿತೋ ತಿಳಿಯದು. ಆ ರಾಜ್ಯದವರು ಒಳ್ಳೆಯ ಸುದ್ದಿ ಸಿಕ್ಕರೆ ನಮಗೆ ಹೇಳುವ ಜಾತಿಯಲ್ಲ. ನಂಬದವರು ಮರ್ಲ್ ಓಪ್ಡಾಲನನ್ನೇ ಕೇಳಬಹುದು. ಅಂದಿನಿಂದ ಇಂದಿನವರೆಗೆ ತನ್ನ ಗಾಳಿಯಂತ್ರ ಒಂದು ದಿನವೂ ಸದ್ದು ಮಾಡಿಲ್ಲವೆಂದು ಅವನು ಬೈಬಲ್ ಮುಟ್ಟಿ ಹೇಳುತ್ತಾನೆ.

ಇದು ನಡೆದು ಮೂವತ್ತನಾಲ್ಕು ವರ್ಷ. ಮೊದಲ ವರ್ಷ ಆ ದೂರ ಮುನ್ನೂರು ಗಜವೇ ಇತ್ತು, ಅದನ್ನು ಮುಚ್ಚಿಡುವುದೇಕೆ? ಆದರೆ ದಕ್ಷಿಣ ಡಕೋಟಾದ ಪಶ್ಚಿಮ ಭಾಗದ ನೆಲವೇ ಹಾಗೆ. ಚಳಿಗೆ ಬಿರಿದು, ಬಿಸಿಲಿಗೆ ಉಬ್ಬಿ, ವರ್ಷಕ್ಕೆ ಹದಿನೆಂಟು ಗಜದಂತೆ ಹಿಗ್ಗುತ್ತಾ ಹೋಗುತ್ತದೆ. ಕೋಲ್ಡ್ ಕ್ರೀಕಿನ ಕೆಫೆಯಲ್ಲಿ ಬೆಳಗಿನ ಕಾಫಿಗೆ ಕೂರುವ ಯಾರನ್ನು ಕೇಳಿದರೂ ಈ ಲೆಕ್ಕ ಒಪ್ಪಿಸುತ್ತಾರೆ.

ಅಂಥ ಆರ್ಲಿನ್ ಈ ವರ್ಷ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವರ್ಲಾ ಯುಂಟ್‌ಳ ಕೋವಿ ಅಂಗಡಿಗೆ ಹೊರಟಾಗ ಎಂಥ ಸಿಟ್ಟಿನಲ್ಲಿದ್ದನೆಂದರೆ, ಟ್ರಕ್ಕಿನ ಗಾಜಿಗೆ ಹೆಪ್ಪುಗಟ್ಟಿದ್ದ ಮಂಜು ಹೀಟರ್ ಹಾಕುವ ಮೊದಲೇ ಕರಗಿ ಇಳಿದಿತ್ತು. ದಾರಿಯ ಬೇಲಿಗಂಬಗಳ ಮೇಲೆ ಕೂತ ಗಿಡುಗಗಳು ಅವನ ಮುಖ ನೋಡಿ ಬೆನ್ನು ತಿರುಗಿಸಿದವು.

ಸಿಟ್ಟಿನ ಕಾರಣ ಅವನ ತಂಗಿ ಇಂಗಾ. ಅಪ್ಪ ಸಿಗ್ವಾರ್ಡ್ ಬಿಟ್ಟುಹೋದ ಕೋವಿಯ ನಳಿಗೆ ಎಷ್ಟೋ ವರ್ಷದ ಹಿಂದೆಯೇ ಸವೆದು, ಕೋವಿ ಮೂಲೆ ಸೇರಿತ್ತು. ಹಳೆಯ ಕೋವಿಯ ಒಡಲನ್ನೂ ತೋಟಾವನ್ನು ನಳಿಗೆಗೆ ನೂಕುವ ಬೋಲ್ಟನ್ನೂ ಉಳಿಸಿಕೊಂಡು ಹೊಸ ನಳಿಗೆ, ಹೊಸ ಮರದ ಹಿಡಿ ಕೂರಿಸಿ, ಅರ್ಧ ಹಳತು ಅರ್ಧ ಹೊಸತಾದ ಒಂದು ಕೋವಿ ಮಾಡಿಸುವುದೆಂದು ಅಣ್ಣತಂಗಿ ಚಳಿಗಾಲದಲ್ಲೇ ಮಾತಾಡಿಕೊಂಡಿದ್ದರು. ಕೆಲಸ ವರ್ಲಾಳದು. ಉಳಿದಿದ್ದ ಪ್ರಶ್ನೆ ಒಂದೇ: ಹೊಸ ನಳಿಗೆಯನ್ನು ಯಾವ ತೋಟಾಕ್ಕೆ ಕೊರೆಯಬೇಕು? ದೊಡ್ಡ ಹೊಟ್ಟೆಯ, ಮದ್ದು ಹೆಚ್ಚು ನುಂಗುವ, ಗುಂಡನ್ನು ಸಿಡಿಲಿನಂತೆ ಓಡಿಸುವ ಇಪ್ಪತ್ತೆರಡು-ಇನ್ನೂರೈವತ್ತಕ್ಕೋ? ಇಲ್ಲಾ ಸಣ್ಣ ಹೊಟ್ಟೆಯ, ಸಾಧು ಸ್ವಭಾವದ ಇನ್ನೂರಿಪ್ಪತ್ತಮೂರಕ್ಕೋ? ಊರವರ ಬಾಯಲ್ಲಿ ಮೊದಲನೆಯದು 'ಇನ್ನೂರೈವತ್ತು', ಎರಡನೆಯದು ಬರೀ 'ಇಪ್ಪತ್ತಮೂರು'. ಗುಂಡಿನ ದಪ್ಪ ಎರಡಕ್ಕೂ ಒಂದೇ. ಹಿಂದಿರುವ ಹಿತ್ತಾಳೆ ಚಿಪ್ಪಿನ ಗಾತ್ರ ಬೇರೆ.

ಆರ್ಲಿನ್ 'ಇನ್ನೂರೈವತ್ತು' ಎಂದು ಚೀಟಿ ಬರೆಸಿದ್ದ. ಕೆಫೆಯಲ್ಲಿ ಸಾರಿಯೂ ಆಗಿತ್ತು. ಆ ಬೆಳಿಗ್ಗೆ ಆರು ಗಂಟೆಗೆ ವರ್ಲಾ ಫೋನು ಮಾಡಿದಳು: "ನಿನ್ನ ತಂಗಿ ನಿನ್ನೆ ಬಂದು ಅದನ್ನ ಹೊಡೆದು ಹಾಕಿ ಇಪ್ಪತ್ತಮೂರು ಅಂತ ಬರೆದು ಹೋಗಿದಾಳೆ ಮಗನೇ. ನನ್ನ ಹತ್ರ ಒಂದೇ ನಳಿಗೆ ಇರೋದು, ಅದಕ್ಕೆ ಇನ್ನೊಬ್ಬ ಕಾಯ್ತಿದಾನೆ. ಮಧ್ಯಾಹ್ನದೊಳಗೆ ಇಬ್ರೂ ಬಂದು ಒಂದು ಮಾತು ಹೇಳಿ. ಕೋವಿಯ ಒಡಲನ್ನೂ ತಗೊಂಡು ಬಾ, ಎರಡು ತಿಂಗಳಿಂದ ನಾಳೆ ನಾಳೆ ಅಂತಿದೀಯ."

ಅಂಗಡಿ ಒಂದು ಕಾಲದಲ್ಲಿ ಬೆಣ್ಣೆ ತೆಗೆಯುವ ಡೈರಿಯಾಗಿತ್ತು. ಲೇತ್ ಯಂತ್ರದ ಪಕ್ಕದ ಒಲೆಯ ಹತ್ತಿರ ಮರ್ಲ್ ಓಪ್ಡಾಲ್ ಕ್ಯಾರಮೆಲ್ ರೋಲು ತಿನ್ನುತ್ತಾ ಕೂತಿದ್ದ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಎಲ್ಲಿ ಜಗಳವಾಗುತ್ತದೋ ಅಲ್ಲಿಗೆ ಹದಿನೈದು ನಿಮಿಷ ಮೊದಲೇ ಹೋಗಿ ಒಳ್ಳೆಯ ಕುರ್ಚಿ ಹಿಡಿಯುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಐವತ್ತು ವರ್ಷ ಕಿವಿಗೆ ಏನೂ ಮುಚ್ಚಿಕೊಳ್ಳದೆ ಕೋವಿ ಹೊಡೆದದ್ದರಿಂದ ಅವನ ಬಲಗಿವಿ ಸತ್ತಿತ್ತು, ಎಡಗಿವಿ ಸಾಯುತ್ತಿತ್ತು. ಅದಕ್ಕಾಗಿಯೇ ಎಡಗಿವಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತಿದ್ದ.

ಇಂಗಾ ಆಗಲೇ ಬಂದಿದ್ದಳು. ರಾತ್ರಿಯಿಡೀ ಕರು ಹಾಕಿಸಿ ಬಂದ ಬೂಟು, ಮೊಣಕೈವರೆಗೆ ಒಣಗಿದ ರಕ್ತ, ಸೊಂಟಕ್ಕೆ ಬೀಗದ ಕೈಗಳ ಗೊಂಚಲು. ಐವತ್ತೊಂದರ ಹೆಂಗಸು. ತುಟಿ ಬಿಗಿಹಿಡಿದರೆ ಥೇಟ್ ಅವಳಪ್ಪನೇ.

ಆರ್ಲಿನ್ ಬಾಗಿಲನ್ನು ಒದ್ದು ತೆರೆದ ಸದ್ದು ಮರ್ಲನ ಸತ್ತ ಕಿವಿಗೂ ಕೇಳಿಸಿತು.

"ಯಾರನ್ನ ಕೇಳಿ ಬರೆದೆ?"

"ಮೊದ್ಲು ಬಾಗಿಲು ಹಾಕು," ಎಂದಳು ಇಂಗಾ.

"ಬಾಗಿಲು ಹಾಳಾಗಿ ಹೋಗ್ಲಿ! ಯಾರನ್ನ ಕೇಳಿ ಬರೆದೆ ಅಂದೆ. ಕೋವಿ ನಂದು. ಚೀಟಿ ಮೇಲೆ ನನ್ನ ಹೆಸರಿದೆ."

"ಹೆಸರು ನಿಂದೇ. ಬೇಸಿಗೆಯೆಲ್ಲ ಎರವಲು ಕೋವಿ ಹಿಡ್ಕೊಂಡು ಹುಲ್ಲಲ್ಲಿ ಹೊಟ್ಟೆ ಮೇಲೆ ಮಲಗಿ ಬಿಲದಳಿಲು ಹೊಡೆಯೋಳು ಮಾತ್ರ ನಾನು. ನೀನು ಹೋದ ವರ್ಷ ಎಷ್ಟು ಹೊಡೆದೆ? ಹೇಳು, ಮರ್ಲ್ ಕೇಳಿಸ್ಕೊಳ್ಲಿ."

"ನಂಗೆ ಬೆನ್ನು ನೋವಿತ್ತು."

"ಬಾಯಿಗಿರಲಿಲ್ಲ."

ಮರ್ಲ್ ರೋಲು ಕೆಳಗಿಟ್ಟ. ಇಂಥ ಹೊತ್ತಿನಲ್ಲಿ ಅಗಿಯುವ ಸದ್ದು ತನಗೇ ಅಡ್ಡ ಬರುತ್ತದೆಂದು ಅವನಿಗೆ ಗೊತ್ತು.

ವರ್ಲಾ ಎದ್ದು ಹೋಗಿ ತಾನೇ ಬಾಗಿಲು ಹಾಕಿ ಬಂದಳು. ಎಪ್ಪತ್ತೆರಡರ ಮುದುಕಿ. ಈ ಕೌಂಟಿಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಕೋವಿ ಹಿಡಿಯುವುದನ್ನು ಕಲಿಸಿದವಳು. ಹಿಡಿಯುವ ರೀತಿ ತಪ್ಪಿದರೆ ಅರವತ್ತು ದಾಟಿದವರ ಬೆರಳಿಗೂ ಇಂದಿಗೂ ಅಡಿಪಟ್ಟಿಯಲ್ಲಿ ಹೊಡೆಯುವವಳು. ಮೇಜಿನ ಮೇಲೆ ಹೊಸ ನಳಿಗೆ ಹಾಲಿನಂತೆ ಹೊಳೆಯುತ್ತಾ ಮಲಗಿತ್ತು. ಪಕ್ಕದಲ್ಲಿ ತೋಟಾದ ಗೂಡು ಕೊರೆಯುವ ಎರಡು ರೀಮರುಗಳು, ಒಂದು ದಪ್ಪ, ಒಂದು ಸಣ್ಣ.

"ಕೂಗಾಡಿ ಮುಗಿಸಿ," ಎಂದಳು. "ಆಮೇಲೆ ಯಾವುದಾದ್ರೂ ಒಂದನ್ನ ನನ್ನ ಕೈಗೆ ಕೊಡಿ. ಒಂದ್ಸಲ ಕೊರೆದ ಉಕ್ಕನ್ನ ಮತ್ತೆ ತುಂಬಕ್ಕಾಗಲ್ಲ."

"ನಾನು ಕೂಗಾಡ್ತಿಲ್ಲ," ಎಂದಳು ಇಂಗಾ. ನಿಜವಾಗಿಯೂ ಕೂಗಾಡುತ್ತಿರಲಿಲ್ಲ. ಆ ತಣ್ಣನೆಯ ದನಿಯೇ ಆರ್ಲಿನನ ಸಿಟ್ಟಿಗೆ ತುಪ್ಪ ಸುರಿಯುತ್ತಿತ್ತು. "ಪೂರ್ವದ ಹುಲ್ಲುಗಾವಲು ಜರಡಿ ಆಗಿದೆ ವರ್ಲಾ. ಅಡಿಗೊಂದು ಬಿಲ. ಹೋದ ವರ್ಷ ಮೂರು ಕಡಸುಗಳ ಕಾಲು ಮುರೀತು, ಮೂರನ್ನೂ ನಾನೇ ಕೊಂದೆ. ಮೇ ತಿಂಗಳಲ್ಲಿ ಕೂತ್ರೆ ದಿನಕ್ಕೆ ಇನ್ನೂರು ಗುಂಡು ಬೇಕು. ಇವನ ಇನ್ನೂರೈವತ್ತು ಹತ್ತು ಗುಂಡಿಗೆ ಕಾದ ಬಾಣಲೆ ಆಗುತ್ತೆ. ಅದು ತಣ್ಣಗಾಗೋವರೆಗೆ ನಾನೇನು ಕಸೂತಿ ಹಾಕ್ತಾ ಕೂತಿರ್ಲಾ? ಒದೆತಕ್ಕೆ ದುರ್ಬೀನು ಜಿಗಿದು, ಗುಂಡು ಎಲ್ಲಿ ಬಿತ್ತು ಅಂತಾನೂ ಕಾಣಲ್ಲ. ಎರಡು ಬೇಸಿಗೆಗೆ ಈ ನಳಿಗೆನೂ ಸವೆದು ಹೋಗುತ್ತೆ. ಆಮೇಲೆ ಇವನು ಇದನ್ನೂ ಗೇಟಿಗೆ ಗೂಟ ಮಾಡ್ತಾನೆ."

"ಗಾಳಿ!" ಆರ್ಲಿನ್ ಮೇಜು ಗುದ್ದಿದ. ರೀಮರುಗಳು ಹಾರಿ ಕೂತವು. "ಗಾಳಿ ಯಾರಪ್ಪನ ಮಾತು ಕೇಳುತ್ತೆ? ಇಲ್ಲಿಯ ಗಾಳಿಗೆ ನಿನ್ನ ಇಪ್ಪತ್ತಮೂರರ ಗುಂಡು ಅಳಿಲಿಗೆ ಹೊಡೆದ್ರೆ ಮಿನ್ನೆಸೋಟಾದಲ್ಲಿ ಯಾವಳೋ ಹೆಂಗಸಿನ ಲಾಂಡ್ರಿ ಬುಟ್ಟಿಯಲ್ಲಿ ಬೀಳುತ್ತೆ! ನಾನೂರು ಗಜದಾಚೆ ಅದು ಗುಂಡಲ್ಲ, ಪ್ರಾರ್ಥನೆ!"

"ನಾನೂರು ಗಜದಾಚೆ ಹೊಡಿ ಅಂತ ನಂಗೆ ಯಾರು ಹೇಳಿದ್ರು? ಇನ್ನೂರು ಗಜದಷ್ಟು ಹತ್ತಿರಕ್ಕೆ ಹೋಗ್ತೀನಿ. ನಂಗೆ ಕಾಲಿದೆ."

"ನೋಡಿ, ಇಬ್ರೂ ಸರಿಯಾಗೇ ಹೇಳ್ತಿದೀರಿ," ಎಂದಳು ವರ್ಲಾ. "ಅದೇ ನನ್ನ ಹಣೆಬರಹ. ಯಾರಾದ್ರೂ ಒಬ್ಬರು ಪೆದ್ದರಾಗಿದ್ರೆ ಇಷ್ಟು ಹೊತ್ತಿಗೆ ಲೇತ್ ತಿರುಗ್ತಿತ್ತು."

ಅಲ್ಲಿಗೆ ನಿಲ್ಲಿಸಿದ್ದರೆ ಆರ್ಲಿನ್ ಬಚಾವಾಗುತ್ತಿದ್ದ. ಜಗಳ ಗೆಲ್ಲುತ್ತಿದ್ದನೋ ಸೋಲುತ್ತಿದ್ದನೋ, ಹೆಸರಾದರೂ ಉಳಿಯುತ್ತಿತ್ತು. ಆದರೆ ಮರ್ಲ್ ಇದ್ದ, ಮರ್ಲನ ಎಡಗಿವಿ ಇತ್ತು, ನಾಳೆ ಬೆಳಿಗ್ಗೆ ಕೆಫೆ ಇತ್ತು. ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಕಿಟಕಿಯ ಪಕ್ಕದ ಕುರ್ಚಿ ಅವನಿಗೇ ಮೀಸಲು. ಹೊಸಬರು ಬಂದರೆ "ಅದು ಕಯೋಟಿ ಆರ್ಲಿನನ ಜಾಗ" ಎಂದು ಎಬ್ಬಿಸುತ್ತಾರೆ. ಒಂಬೈನೂರು ಗಜ ಹೊಡೆದವನ ಮನೆಯಲ್ಲಿ ಇಪ್ಪತ್ತಮೂರರ ಕೋವಿ ಎಂದರೆ ಆ ಕುರ್ಚಿಯ ಕಾಲಿಗೆ ತಾನೇ ಗರಗಸ ಹಾಕಿದಂತೆ. ಅವನು ಎದೆ ಉಬ್ಬಿಸಿದ.

"ಇದರಲ್ಲಿ ಮಾತಾಡೋಕೆ ಏನಿದೆ? ಅಪ್ಪನ ಕೋವಿ ಇನ್ನೂರೈವತ್ತಾಗಿತ್ತು. ಆ ಕಯೋಟಿಯನ್ನ ನಾನು ಹೊಡೆದದ್ದು ಇನ್ನೂರೈವತ್ತರಲ್ಲಿ. ಅದು ಇನ್ನೂರೈವತ್ತಾಗೇ ಇರುತ್ತೆ. ಅಪ್ಪನ ಮರ್ಯಾದೆ ಪ್ರಶ್ನೆ ಇದು."

ಇಂಗಾ ಮೇಜು ಬಳಸಿ ಅವನೆದುರಿಗೆ ಬಂದಳು.

"ಏನಂದೆ?"

"ಕೇಳಿಸ್ತಲ್ಲ."

"ಅಪ್ಪನ ಕೋವಿ ಯಾವತ್ತೂ ಇನ್ನೂರೈವತ್ತಾಗಿರಲಿಲ್ಲ. ಹುಟ್ಟಿದಾಗಿಂದ ಅದು ಇಪ್ಪತ್ತಮೂರು."

"ಹಾಗಂದ್ರೆ ಹೇಗಮ್ಮ?" ಮರ್ಲ್ ಕುರ್ಚಿಯನ್ನು ಎಳೆದುಕೊಂಡು ಮುಂದೆ ಬಂದ. "ಇಪ್ಪತ್ತಮೂರರಲ್ಲಿ ಒಂಬೈನೂರು ಗಜ ಯಾರಿಗೂ ಆಗಲ್ಲ. ಎಂಟು ವರ್ಷದ ಹಿಂದೆ ನಾನೇ ಇವನಿಗೆ ಅಂದಿದ್ದೆ, ಆರ್ಲಿನ್, ನೀನು ಹೇಳೋ ದೂರಕ್ಕೆ ಆ ತೋಟಾ ಸಾಲಲ್ಲ ಅಂತ. ಮುಂದಿನ ವಾರವೇ ನೆನಪು ಮಾಡ್ಕೊಂಡು ಬಂದ, ಅದು ಇನ್ನೂರೈವತ್ತಾಗಿತ್ತು ಅಂತ."

"ನೆನಪು ಮಾಡ್ಕೊಂಡ," ಎಂದಳು ಇಂಗಾ.

"ಹೌದು, ನೆನಪಾಯ್ತು!" ಆರ್ಲಿನನ ಕತ್ತಿನ ನರಗಳು ಹಗ್ಗದಂತೆ ಎದ್ದವು. "ನೀನಾಗ ಹದಿನೇಳರ ಹುಡುಗಿ. ನಿಂಗೇನು ಗೊತ್ತು? ಹತ್ತೊಂಬತ್ತು ಕುರಿಮರಿ ತಿಂದಿತ್ತು ಆ ಕಯೋಟಿ. ಅದನ್ನ ಕೆಡವಿದವರಿಗೆ ನನ್ನ ಕೋವಿ ಅಂತ ಅಪ್ಪ ಊಟದ ಮೇಜಿನ ಮೇಲೆ ಕೈ ಇಟ್ಟು ಹೇಳಿದ್ರು. ನಾನು ಕೆಡವಿದೆ. ಕೊಟ್ರು. ಮುಗೀತು!"

"ನಂಗೆಲ್ಲ ಗೊತ್ತು ಆರ್ಲಿನ್," ಎಂದಳು. ದನಿ ಇನ್ನೂ ತಣ್ಣಗಿತ್ತು, ಆದರೆ ಕೈ ಬೀಗದ ಗೊಂಚಲನ್ನು ಹಿಚುಕುತ್ತಿತ್ತು. "ನಾನು ಮೂವತ್ತನಾಲ್ಕು ವರ್ಷ ಬಾಯಿ ಮುಚ್ಕೊಂಡಿದೀನಿ. ಇವತ್ತು ಆ ಸುಳ್ಳಿಗೆ ನನ್ನ ನಳಿಗೆ ಕೊರೆಸ್ಬೇಡ."

"ಸುಳ್ಳು ಅಂದ್ಯಾ? ನನ್ನ ಸುಳ್ಳ ಅಂದ್ಯಾ?"

"ಹಳೇ ನಳಿಗೆ ಎಲ್ಲಿ?" ಎಂದಳು ವರ್ಲಾ. "ತೋಟಾದ ಹೆಸರು ಅದರ ಮೇಲೇ ಕೊರೆದಿರುತ್ತೆ. ಜಗಳವೇ ಇರಲ್ಲ."

"ಕೊಟ್ಟಿಗೆ ಗೇಟಿನ ಗೂಟ ಅದು. ಎಂಟು ವರ್ಷದ ಹಿಂದೆ ಹೂತ," ಎಂದಳು ಇಂಗಾ. "ಅಕ್ಷರ ಇರೋ ಕಡೆ ಕೆಳಗೆ. ಮೇಲೆ ಕಾಂಕ್ರೀಟು."

"ಗೇಟು ಬೀಳ್ತಿತ್ತು!"

"ಎಂಟು ವರ್ಷದ ಹಿಂದೆ..." ಎಂದು ಮರ್ಲ್ ಬೆರಳು ಮಡಿಸತೊಡಗಿದ.

"ನೀನು ಬಾಯಿ ಮುಚ್ಚು ಮರ್ಲ್!"

ವರ್ಲಾ ಕೈಚಾಚಿದಳು. "ಚೀಲ ಕೊಡು ಮಗನೇ."

ಆರ್ಲಿನ್ ಕೋವಿಯ ಒಡಲು ತುಂಬಿ ತಂದಿದ್ದ ಹಿಟ್ಟಿನ ಚೀಲವನ್ನು ಮೇಜಿನ ಮೇಲೆ ಎಸೆದ. ಅವನಿಗೆ ಒಂದಿಷ್ಟೂ ಅಳುಕಿರಲಿಲ್ಲ. ಹೆಸರು ಇದ್ದದ್ದು ನಳಿಗೆಯ ಮೇಲೆ, ನಳಿಗೆ ಇದ್ದದ್ದು ಕಾಂಕ್ರೀಟಿನೊಳಗೆ. ಅದನ್ನು ಹೂಳುವಾಗ ಅವನು ಸಿಮೆಂಟನ್ನು ಎಷ್ಟು ಸುರಿದಿದ್ದನೆಂದರೆ ಅದರಲ್ಲಿ ಒಂದು ಅಣೆಕಟ್ಟು ಕಟ್ಟಬಹುದಿತ್ತು. ಉಳಿದ ಉಕ್ಕಿನ ಒಡಲಿಗೆ ಬಾಯಿಯಿಲ್ಲ ಎಂದು ಅವನ ನಂಬಿಕೆ. ಒಂದು ಸುಳ್ಳನ್ನು ಎಂಟು ವರ್ಷ ದಿನಾ ಬೆಳಿಗ್ಗೆ ಹೇಳಿದರೆ ಹೇಳಿದವನಿಗೇ ಅದು ಕಂಡದ್ದಾಗಿಬಿಡುತ್ತದೆ. ಕೋವಿ ಬಿಚ್ಚುವ ಪ್ರತಿಯೊಬ್ಬನಿಗೂ ಗೊತ್ತಿರುವ ಒಂದು ಸಂಗತಿಯನ್ನು ಅವನು ಹಾಗೆ ಮರೆತಿದ್ದ.

ವರ್ಲಾ ಒಡಲನ್ನು ತಿರುಗಿಸಿ ನೋಡಿ ಮುಖ ಕಿವುಚಿದಳು. "ಪೈಪ್ ರೆಂಚಿನಲ್ಲಿ ಬಿಚ್ಚಿದೀಯ, ಮೈಯೆಲ್ಲ ಹಲ್ಲಿನ ಗುರುತು. ದನಕ್ಕೂ ಇಷ್ಟು ಹಲ್ಲು ಇರಲ್ಲ. ನಾನು ಕಲಿಸಿದ್ದು ಇದನ್ನಾ?" ಬೋಲ್ಟನ್ನು ಎಳೆದು ತೆಗೆದಳು. ಡ್ರಾಯರಿನಿಂದ ಇನ್ನೂರೈವತ್ತರ ಒಂದು ಖಾಲಿ ಹಿತ್ತಾಳೆ ಚಿಪ್ಪು ಆರಿಸಿದಳು. "ತೋಟಾದ ಬುಡ ಎಲ್ಲಿ ಕೂರಬೇಕು?"

ಮೂವರೂ ಒಟ್ಟಿಗೆ, ಹತ್ತು ವರ್ಷದ ಮಕ್ಕಳ ಹಾಗೆ, "ಬೋಲ್ಟಿನ ಮುಖದಲ್ಲಿ" ಎಂದರು. ಅಷ್ಟು ಹೇಳಿದ ಮೇಲೆ ಆರ್ಲಿನನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ವರ್ಲಾ ಚಿಪ್ಪಿನ ಬುಡವನ್ನು ಬೋಲ್ಟಿನ ಮುಖಕ್ಕೆ ಒತ್ತಿದಳು. ಅದು ಕೂರಲಿಲ್ಲ. ಓರೆ ಮಾಡಿ ಒತ್ತಿದಳು. ಲೋಟದ ಬಾಯಿಗೆ ತಟ್ಟೆ ತುರುಕಿದಂತೆ ಚಿಪ್ಪು ಅಂಚಿನ ಮೇಲೆಯೇ ನಿಂತಿತು.

"ಈ ಬೋಲ್ಟು ಹುಟ್ಟಿದಾಗಿಂದ ಒಂದು ಇನ್ನೂರೈವತ್ತನ್ನೂ ಮುಟ್ಟಿಲ್ಲ," ಎಂದಳು ವರ್ಲಾ. "ಬೇಕಾದ್ರೆ ಈಗ ಮುಖ ಅಗಲ ಮಾಡಿ ಕೊಡ್ತೀನಿ, ಅದು ಬೇರೆ ಮಾತು. ಇಲ್ಲಿವರೆಗೆ ಮಾತ್ರ ಮುಟ್ಟಿಲ್ಲ."

"ಬೋಲ್ಟು ಬದಲಾಗಿದೆ!" ಆರ್ಲಿನ್ ಕಿರುಚಿದ. "ರಿಪೇರಿಗೆ ಕೊಟ್ಟಾಗ ಯಾರೋ ಬದಲಾಯಿಸಿದಾರೆ!"

ವರ್ಲಾ ಕನ್ನಡಕ ತೆಗೆದಳು. ಅವಳು ಕನ್ನಡಕ ತೆಗೆದರೆ ಹೋರಿಗಳೂ ಬೇಲಿ ಹಾರಿ ಹೋಗುತ್ತವೆ.

"ಈ ಕೌಂಟಿಯಲ್ಲಿ ನಲವತ್ತೈದು ವರ್ಷದಿಂದ ರಿಪೇರಿ ಮಾಡ್ತಿರೋಳು ನಾನೊಬ್ಬಳೇ ಆರ್ಲಿನ್ ಕ್ವಾಮೆ. ನನ್ನ ಅಂಗಡಿಯಲ್ಲಿ ನಿಂತು ನನ್ನನ್ನೇ ಕಳ್ಳಿ ಅಂತಿದೀಯಾ? ಬಾ ಇಲ್ಲಿ. ಬಾ ಅಂದೆ. ಕಣ್ಣಿದ್ರೆ ನೋಡು."

ಬೋಲ್ಟಿನ ಹಿಡಿಕೆಯ ಬುಡದಲ್ಲಿ ಒಂದು ಗೀರು. ಬೆನ್ನ ಮೇಲೆ ಮಲಗಿದ ಇಂಗ್ಲಿಷ್ ಕೆ ಅಕ್ಷರ, ಸಿಗ್ವಾರ್ಡನ ದನಗಳ ತೊಡೆಯ ಮೇಲೆ ಸುಡುತ್ತಿದ್ದ ಅದೇ ಗುರುತು. ಒಡಲಿನ ಅಡಿಯಲ್ಲೂ ಅದೇ ಮಲಗಿದ ಕೆ, ಅದೇ ಕೈಯ ಗೀರು, ಕೊನೆಯ ಕಾಲು ಅದೇ ರೀತಿ ಸೊಟ್ಟ. ಮುದುಕ ತನ್ನ ಸುತ್ತಿಗೆಯ ಮೇಲೂ, ಟೋಪಿಯ ಪಟ್ಟಿಯ ಮೇಲೂ, ಚರ್ಚಿನಲ್ಲಿ ತಾನು ಕೂರುವ ಬೆಂಚಿನ ಮೇಲೂ ಗುರುತು ಹಾಕಿದ್ದವನು. ಬೋಲ್ಟನ್ನು ಬಿಡುತ್ತಾನೆಯೇ?

ಆಗ ಇಂಗಾ ಸೊಂಟದಿಂದ ಬೀಗದ ಗೊಂಚಲು ಬಿಚ್ಚಿದಳು. ಅದರಲ್ಲಿ ಟ್ರಕ್ಕಿನ ಕೀ, ಟ್ರ್ಯಾಕ್ಟರಿನ ಕೀ, ಧಾನ್ಯದ ಕಣಜದ ಕೀ. ಅವುಗಳ ನಡುವೆ ಕುತ್ತಿಗೆಗೆ ತೂತು ಕೊರೆದು ಪೋಣಿಸಿದ ಒಂದು ಖಾಲಿ ತೋಟಾ, ಜೇಬಿಗೆ ಉಜ್ಜಿ ಉಜ್ಜಿ ಬಂಗಾರದಂತೆ ಹೊಳೆಯುತ್ತಿತ್ತು. ಮೂವತ್ತನಾಲ್ಕು ವರ್ಷ ಇಡೀ ಊರು ಅದನ್ನು ನೋಡಿತ್ತು. ಯಾರೊಬ್ಬರೂ ಏನೆಂದು ಕೇಳಿರಲಿಲ್ಲ.

ಗೊಂಚಲಿನ ಸಮೇತವೇ ಅದನ್ನು ವರ್ಲಾಳ ಕೈಗೆ ಕೊಟ್ಟಳು. ವರ್ಲಾ ಬುಡವನ್ನು ಬೋಲ್ಟಿನ ಮುಖಕ್ಕೆ ಇಟ್ಟಳು.

ಟಿಕ್.

ಕೊಕ್ಕೆ ಅಂಚನ್ನು ಹಿಡಿಯಿತು. ಬೋಲ್ಟನ್ನು ತಲೆಕೆಳಗು ಮಾಡಿದರೂ ತೋಟಾ ಬೀಳಲಿಲ್ಲ. ಕೀಗಳೆಲ್ಲ ಅದರಿಂದ ನೇತಾಡಿ ಗಲಗಲ ಎಂದವು.

"ಇದು ನಿಂಗೆಲ್ಲಿ ಸಿಕ್ತು ಇಂಗಾ?" ಎಂದಳು ವರ್ಲಾ.

"ಅವನನ್ನ ಕೇಳಿ."

ಆರ್ಲಿನ್ ಟೋಪಿ ತೆಗೆದು ನೆಲಕ್ಕೆ ಬಡಿದ. ಒಲೆಯ ಕಾಲಿಗೆ ಒದ್ದ. ಒದ್ದ ಕಾಲಿನ ಬೆರಳು ಹಿಡಿದುಕೊಂಡು ಒಂದು ಸುತ್ತು ಕುಣಿದ. ಬಾಗಿಲವರೆಗೆ ಹೋದ, ಚಿಲಕ ಹಿಡಿದ, ಮತ್ತೆ ತಿರುಗಿ ಬಂದ. ಅವನ ಸಿಟ್ಟಿಗೆ ಈಗ ಹೋಗಲು ಜಾಗವೇ ಉಳಿದಿರಲಿಲ್ಲ. ತಂಗಿಯ ಮೇಲೆ, ಮರ್ಲನ ಮೇಲೆ, ಮುದುಕಿಯ ಮೇಲೆ, ಒಲೆಯ ಮೇಲೆ ಎಲ್ಲ ಸುತ್ತಾಡಿ ಅದು ಮನೆಗೇ ಮರಳಿ ಬಂತು.

"ಬೈದುಬಿಡು," ಎಂದ ತಂಗಿಗೆ. "ಹಾಗೆ ನೋಡ್ಬೇಡ. ಬೈ."

"ನಾನ್ಯಾಕೆ ಬೈಲಿ? ಅಪ್ಪ ಸಾಯೋವರೆಗೆ, ಹನ್ನೆರಡು ವರ್ಷ, ಸಿಕ್ಕಿದವರಿಗೆಲ್ಲ ಆ ಕಥೆ ಹೇಳಿದ್ರು. ಆಸ್ಪತ್ರೆಯಲ್ಲಿ ಕೊನೇ ವಾರ ನರ್ಸಿಗೂ ಹೇಳಿದ್ರು, ನನ್ನ ಮಗ ಹೊಡೆದ ಅಂತ. ನಾನು ಪಕ್ಕದಲ್ಲಿ ಸೂಪಿನ ಬಟ್ಟಲು ಹಿಡ್ಕೊಂಡು ನಿಂತಿದ್ದೆ." ಈಗ ಮೊದಲ ಸಲ ಅವಳ ದನಿ ಏರಿತು. "ಆವತ್ತು ಅಂಗಳದಲ್ಲಿ ಅವರು ನಿನ್ನ ಹೆಗಲ ಮೇಲೆ ಕೈ ಇಟ್ರಲ್ಲ, ಆ ಕೈ ನಂದು ಆರ್ಲಿನ್! ಕೋವಿ ಇಟ್ಕೋ, ಗೇಟಿಗೆ ಹೂಳು, ನಂಗೇನು? ಆ ಕೈ ನನ್ನ ಹೆಗಲ ಮೇಲೆ ಬೀಳ್ಬೇಕಿತ್ತು!"

ಮರ್ಲ್ ಎಡಗಿವಿಯನ್ನು ಇನ್ನಷ್ಟು ಮುಂದೆ ಚಾಚಿದ. ಆದರೆ ಮೊದಲ ಬಾರಿಗೆ ಅವನ ಕಣ್ಣು ನೆಲ ನೋಡುತ್ತಿತ್ತು.

ಆರ್ಲಿನ್ ಟೋಪಿಯನ್ನು ಎತ್ತಿ ಕೊಡವಿದ. ತಲೆಗೆ ಹಾಕಿಕೊಳ್ಳಲಿಲ್ಲ.

"ಎಂಬತ್ತು ಹೆಜ್ಜೆ," ಎಂದ. ಮಾತನ್ನು ಉಗುಳುವಂತೆ ಎಂದ. "ಒಂಬೈನೂರಲ್ಲ, ಮುನ್ನೂರಲ್ಲ. ಎಂಬತ್ತು ಹೆಜ್ಜೆ. ಕಯೋಟಿ ಬೇಲಿ ಹತ್ರ ನಿಂತು ನಮ್ಮನ್ನೇ ನೋಡ್ತಿತ್ತು. ಗಾಳಿನೂ ಇರಲಿಲ್ಲ, ಆ ವರ್ಷದಲ್ಲೇ ಗಾಳಿ ಇಲ್ಲದ ದಿನ ಅದೊಂದೇ. ಕೋವಿ ನನ್ನ ಕೈಯಲ್ಲಿತ್ತು. ಕೈ ನಡುಗ್ತು. ಮೈಯೆಲ್ಲ ನಡುಗ್ತು. ಬೋಲ್ಟು ಎಳೆದೆ, ನೂಕಿದೆ, ಎಳೆದೆ, ನೂಕಿದೆ. ಐದು ತೋಟಾನೂ ಹಿಮದ ಮೇಲೆ ಬಿದ್ವು. ಟ್ರಿಗರ್ ಮುಟ್ಟೇ ಇರಲಿಲ್ಲ. ಒಂದ್ಸಲನೂ ಮುಟ್ಟಿರಲಿಲ್ಲ. ಆದ್ರೆ ಐದು ಗುಂಡು ಹೊಡೆದೆ, ಐದೂ ತಪ್ತು ಅಂತ ಅಳ್ತಿದ್ದೆ."

ವರ್ಲಾ ನಗಲಿಲ್ಲ. ದೊಡ್ಡ ಬೇಟೆಯೆದುರು ಹಾಗೆ ಆದವರನ್ನು ಅವಳು ಕಂಡಿದ್ದಳು. ನಾನು ಹಾಗೆ ಮಾಡಿದೆ ಎಂದು ಬಾಯಿಬಿಟ್ಟವನನ್ನು ಮಾತ್ರ ಇದೇ ಮೊದಲು ಕಂಡದ್ದು.

"ಇವಳು ಹಿಮದಿಂದ ಒಂದನ್ನ ಹೆಕ್ಕಿ, ಬಾಯಿಂದ ಊದಿ, ಕೋವಿ ನನ್ನ ಕೈಯಿಂದ ಕಿತ್ಕೊಂಡು ಹೊಡೆದಳು. ಒಂದೇ. ಆ ಗೊಂಚಲಲ್ಲಿರೋದು ಅದರ ಚಿಪ್ಪೇ. ಕಯೋಟಿನ ನಾನು ಹೊತ್ಕೊಂಡು ಬಂದೆ. ಅಪ್ಪ ಅಂಗಳದಲ್ಲಿದ್ರು. ಯಾರು ಹೊಡೆದದ್ದು ಅಂತ ಕೇಳ್ಲೇ ಇಲ್ಲ. ಹೊತ್ತವನು ನಾನಲ್ವಾ, ಹೆಗಲ ಮೇಲೆ ಕೈ ಇಟ್ರು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ನನ್ನನ್ನ ಮುಟ್ಟಿದ್ದು ಹೊಡೆಯೋಕೆ ಮಾತ್ರ. ಬಾಯಿ ತೆರೆಯೋಣ ಅಂದ್ಕೊಂಡೆ. ನಾಳೆ ಹೇಳೋಣ ಅಂದ್ಕೊಂಡೆ." ಇಂಗಾಳ ಕಡೆ ನೋಡದೆ ಎಂದ, "ನೀನ್ಯಾಕೆ ಹೇಳ್ಲಿಲ್ಲ? ಹೇಳಿಬಿಡ್ಬೇಕಿತ್ತು, ಅದೇ ಗಳಿಗೆ. ನಂಗೆ ಇವತ್ತಿಗೂ ಅದೇ ಸಿಟ್ಟು."

"ನೀನು ಹೇಳ್ತೀಯ ಅಂತ ಕಾದೆ," ಎಂದಳು ಇಂಗಾ. "ಕಾದು ಕಾದು ಮುದುಕಿ ಆದೆ."

ವರ್ಲಾ ಕನ್ನಡಕ ಹಾಕಿಕೊಂಡು ಚೀಟಿ ಎಳೆದುಕೊಂಡಳು. "ತೋಟಾ?"

"ಇಪ್ಪತ್ತಮೂರು," ಎಂದ ಆರ್ಲಿನ್.

"ಕೋವಿ ಯಾರದು?"

ಆರ್ಲಿನ್ ಟೋಪಿಯನ್ನು ಮೇಜಿನ ಮೇಲಿಟ್ಟ.

"ಇಂಗಾ ಕ್ವಾಮೆ," ಎಂದ. "ಹಳೇ ಹೆಸರು ಹೊಡೆದು ಹಾಕಿ. ಜೋರಾಗಿ ಹೊಡೆದು ಹಾಕಿ."

ಇಂಗಾ ಸಣ್ಣ ರೀಮರನ್ನು ಎತ್ತಿ ವರ್ಲಾಳ ಕೈಗೆ ಕೊಟ್ಟಳು. ಬೋಲ್ಟಿನ ಮುಖದಿಂದ ತನ್ನ ತೋಟಾವನ್ನು ಬಿಡಿಸಿಕೊಂಡು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದಳು. "ಗೇಟಿಗೆ ಬೇರೆ ಗೂಟ ಹಾಕು," ಎಂದಳು. "ಆ ನಳಿಗೆ ನಾಳೆಯೊಳಗೆ ಹೊರಗೆ ಬರ್ಬೇಕು. ಅಪ್ಪಂದು ಅದು."

"ಅದರ ಕಾಂಕ್ರೀಟು..."

"ನೀನೇ ಸುರಿದದ್ದು, ನೀನೇ ಒಡಿ. ನಿಂಗೆ ಬೆನ್ನು ನೋವು ಅಂತ ಗೊತ್ತು."

ಅವಳು ಬಾಗಿಲು ಎಳೆದುಕೊಂಡು ಹೋದಳು. ಅವಳ ಟ್ರಕ್ಕು ಹೊರಟ ಸದ್ದು ನಿಂತ ಮೇಲೆ ಮರ್ಲ್ ಗಂಟಲು ಸರಿಮಾಡಿಕೊಂಡ. ಒಂದು ವರ್ಷಕ್ಕೆ ಸಾಲುವಷ್ಟು ಸುದ್ದಿ ಅವನ ಮಡಿಲಲ್ಲಿ ಬಿದ್ದಿತ್ತು. ಆದರೆ ಅವನ ಮುಖ ಯಾಕೋ ಜೋತುಬಿದ್ದಿತ್ತು.

"ಅಲ್ಲ ಆರ್ಲಿನ್, ಎಂಬತ್ತು ಹೆಜ್ಜೆ ಅಂದ್ರೆ... ಮತ್ತೆ ನಮ್ಮ ಗಾಳಿಯಂತ್ರ? ಆ ತಿರುಪು? ಅವತ್ತಿಂದ ಅದು ಒಂದು ದಿನಾನೂ ಕಿರುಗುಟ್ಟಿಲ್ಲ. ನಾನೇ ಸಾಕ್ಷಿ."

ಆರ್ಲಿನ್ ಬಂದು ಅವನ ಎಡಗಡೆಗೆ ನಿಂತು, ಕಿವಿಯ ಹತ್ತಿರ ಬಾಗಿದ.

"ಅದು ದಿನಾ ಕಿರುಗುಟ್ಟುತ್ತೆ ಮರ್ಲ್. ನಮ್ಮನೆವರೆಗೂ ಕೇಳುತ್ತೆ. ನಿಂಗೆ ಕಿವಿ ಹೋಗಿದೆ."